ಅಡೊಮಾಕೊ ಬಿಚ್ಚದ ಕಪ್ಪು ತಂತಿ

ಗಂಜಿ ಕುದಿಯಲು ಇನ್ನೂ ಹೊತ್ತಿದೆ, ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತುಕೊಳ್ಳಿ. ಅಗೋ, ಎದುರುಗಡೆ ಮಾವಿನ ಮರದ ಕೆಳಗೆ ಖಾಕಿ ಅಂಗಿ ತೊಟ್ಟು ಕೂತಿದ್ದಾನಲ್ಲ, ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡವನು, ಅವನ ಕಥೆ ಹೇಳುತ್ತೇನೆ. ಅವನಿಗೆ ಕೇಳಿಸಿದರೂ ಬೇಸರವಿಲ್ಲ. ತಾನೇ ನೂರು ಸಲ ಹೇಳಿಕೊಂಡಿದ್ದಾನೆ.

ಹೆಸರು ಅಡೊಮಾಕೊ. ನಮ್ಮ ಕ್ವಾಹು ಗುಡ್ಡದ ಮೇಲೆ ಎಲ್ಲರೂ ಅವನನ್ನು ಮಾಸ್ಟರ್ ಎಂದೇ ಕರೆಯುವುದು. ಹರೆಯದಲ್ಲಿ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದ. ಗುಡ್ಡದ ತಿರುವುಗಳಲ್ಲಿ ಉಳಿದವರ ಬ್ರೇಕು ಸುಟ್ಟು ನಾರುವಾಗ ಇವನ ಲಾರಿ ಮಾತ್ರ ಮದುವೆಗೆ ಹೊರಟ ಹೆಣ್ಣಿನ ಹಾಗೆ ನಿಧಾನವಾಗಿ ಇಳಿದು ನ್ಕವ್‌ಕವ್ ಪೇಟೆ ಸೇರುತ್ತಿತ್ತಂತೆ. ಆಮೇಲೆ ಇಪ್ಪತ್ತಾರು ವರ್ಷ ಫ್ರೆಂಪೊಂಗ್ ಟೀಚರ ಕಾರು ಓಡಿಸಿದ. ತನ್ನ ಕೈಯಲ್ಲಿ ಯಾವ ಗಾಡಿಯೂ ದಾರಿ ಮಧ್ಯೆ ನಿಂತಿಲ್ಲ ಎನ್ನುವುದು ಅವನ ಹೆಮ್ಮೆ. ಅದು ಸುಳ್ಳೂ ಅಲ್ಲ. ಕಾರಿನ ಬಾಗಿಲು ತೆಗೆಯುವ ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಿದ್ದ, ದೇವರಿಗೆ ಬಂದ ಹಾಗೆ.

ಫ್ರೆಂಪೊಂಗ್ ಟೀಚರಿಗೆ ಚಿಕ್ಕಂದಿನಿಂದಲೂ ಒಂದು ಕಣ್ಣು ಮಂಜು. ಅದಕ್ಕೇ ಡ್ರೈವರ್ ಬೇಕಾದದ್ದು. ಆ ತಿಳಿನೀಲಿ ಕಾರನ್ನು ಕೊಂಡದ್ದು ಮಾತ್ರ ಟೀಚರ ಸಂಬಳದಿಂದಲ್ಲ, ಅವರ ಹೆಂಡತಿ ಸೆರ್ವಾಳ ಬ್ರೆಡ್ಡಿನ ಒಲೆಯಿಂದ. ಮುಂದಿನ ಸೀಟಿನಲ್ಲಿ ಟೀಚರು, ಹಿಂದಿನ ಸೀಟಿನಲ್ಲಿ ಬುಟ್ಟಿಗಳ ನಡುವೆ ಸೆರ್ವಾ. ಆ ಕಾರು ಹಾದುಹೋದರೆ ಪೆಟ್ರೋಲಿನ ವಾಸನೆಗಿಂತ ಬ್ರೆಡ್ಡಿನ ವಾಸನೆಯೇ ಮೂಗಿಗೆ ಮೊದಲು ಬರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ನಮ್ಮಲ್ಲಿ ಮಕ್ಕಳಿಲ್ಲದ ಹೆಂಗಸಿನ ಗಂಡ ಸತ್ತರೆ ಅವಳ ಕಾಲ ಕೆಳಗಿನ ನೆಲ ಎಷ್ಟು ತೆಳ್ಳಗಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಸ್ತಿ ಹೋಗುವುದು ಗಂಡನ ತಾಯಿಯ ಕಡೆಯ ಮನೆತನಕ್ಕೆ. ಹೆಂಡತಿಗೆ ಉಳಿಯುವುದು ಆ ಮನೆತನದ ಒಳ್ಳೆಯ ಮನಸ್ಸು.

ಟೀಚರು ಮುಂದಾಲೋಚನೆಯವರು. ಸಾಯುವ ಮೊದಲೇ ಮನೆತನದ ಹಿರಿಯ ನಾನಾ ಅಂಪೊಫೊನನ್ನು ಕರೆಸಿ, ಎರಡು ಕೋಣೆ, ಬ್ರೆಡ್ಡಿನ ಒಲೆ, ಆ ಕಾರು ಮೂರೂ ಸೆರ್ವಾಗೆ ಎಂದು ನಾಲ್ಕು ಜನರೆದುರು ಹೇಳಿದ್ದರು. ನಾನಾ ಒಪ್ಪಿದ್ದ. ಟೀಚರ ತಂಗಿ ಕೊನಾಡು ಒಪ್ಪಿರಲಿಲ್ಲ, ಆದರೆ ಆಗ ಬಾಯಿ ಬಿಟ್ಟಿರಲಿಲ್ಲ.

ಟೀಚರು ತೀರಿಕೊಂಡು ಮಣ್ಣು ಮುಗಿದ ಮೇಲೆ ಹಿರಿಯರು ಅಂಗಳದಲ್ಲಿ ಕೂತರು. ನಾನಾ ನೆಲಕ್ಕೆ ಮದ್ಯ ಎರೆದು, ತೀರಿಹೋದವರ ಹೆಸರೆಲ್ಲ ಹಿಡಿದು ಕೂಗಿ, ಒಂದು ಕಟ್ಟು ಹಾಕಿದ. ವರ್ಷ ತುಂಬುವ ತನಕ ಟೀಚರದು ಅನ್ನುವ ಒಂದು ಕಡ್ಡಿಯೂ ಗೇಟು ದಾಟಬಾರದು. ಒಂದು ಮೊಳೆಯನ್ನೂ ಯಾರೂ ಸಡಿಲಿಸಬಾರದು. ಸೆರ್ವಾ ವರ್ಷಪೂರ್ತಿ ಕಪ್ಪು ಉಡಬೇಕು. ವರ್ಷದ ದಿನ ಬಿಳಿ ಉಟ್ಟು, ಅದೇ ಕಾರಿನಲ್ಲಿ ಕೂತು ಚರ್ಚಿಗೆ ಹೋಗಿಬರಬೇಕು. ಅವಳು ಗೇಟಿನ ಒಳಗೆ ತಿರುಗಿ ಬಂದ ಮೇಲೆ ಟೀಚರ ಮಾತು ನಡೆಯುತ್ತದೆ, ಮೂರೂ ಅವಳ ಕೈಗೆ ಬರುತ್ತವೆ. ಹೀಗೆ ಹೇಳಿ ಕೀಲಿಕೈಯನ್ನು ಅಡೊಮಾಕೊನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಮಾಸ್ಟರ್, ಈ ಕಾರಿನ ಉಸಿರು ನಿಲ್ಲಬಾರದು. ಆ ದಿನ ಅವಳನ್ನ ಕರ್ಕೊಂಡು ಹೋಗೋನು ನೀನೇ."

ಅಷ್ಟೇ ಸಾಕಾಯಿತು ಅವನಿಗೆ. ಮಾರನೆಯ ದಿನದಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಂದು, ಕಾರಿಗೆ ಒಂದು ಸುತ್ತು ಬಂದು, ಬಾಗಿಲು ತೆಗೆದು, ಎಂಜಿನ್ ಎಬ್ಬಿಸಿ ಐದು ನಿಮಿಷ ಉರಿಸುತ್ತಿದ್ದ. ಐದೇ ಯಾಕೆಂದರೆ ಮನೆತನ ಕೊಡುತ್ತಿದ್ದ ಪೆಟ್ರೋಲು ಅಷ್ಟಕ್ಕೇ ಸಾಲುತ್ತಿತ್ತು. ಗೇಟು ದಾಟಿಸುವ ಹಾಗಿರಲಿಲ್ಲ. ಆಮೇಲೆ ಎಂಜಿನ್ ಆರಿಸಿ ರೇಡಿಯೋ ಹಾಕುತ್ತಿದ್ದ. ಟೀಚರು ಬದುಕಿದ್ದಾಗ ದಿನಾ ಕಾರಿನಲ್ಲೇ ಕೂತು ಬೆಳಗಿನ ವಾರ್ತೆ ಕೇಳುತ್ತಿದ್ದರು. ಮನೆಯೊಳಗೆ ಕಪ್ಪು ಉಟ್ಟು ಕೂತ ಸೆರ್ವಾ ಆ ದನಿ ಕೇಳಿದ ಮೇಲೆಯೇ ಚಹಾ ಕುಡಿಯುತ್ತಿದ್ದಳು. ಒಂದು ದಿನ ಅವನು ರೇಡಿಯೋ ಹಾಕುವುದು ಮರೆತಾಗ ಅವಳು ಕಿಟಕಿಯಿಂದ ನಿಧಾನವಾಗಿ ಕೇಳಿದಳಂತೆ, "ಮಾಸ್ಟರ್, ಇವತ್ತು ಅವರು ಎದ್ದಿಲ್ವಾ?" ಅಂದಿನಿಂದ ಅವನು ಒಂದು ದಿನವೂ ಮರೆಯಲಿಲ್ಲ. ವಾರ್ತೆ ಮುಗಿದು, ಅದರ ನಂತರದ ಹಾಡೂ ಮುಗಿಯುವ ತನಕ ಹಾಕಿಟ್ಟಿರುತ್ತಿದ್ದ.

ನನ್ನ ಗಂಜಿ ಅಂಗಡಿ ಇದ್ದದ್ದು ಇಲ್ಲೇ, ಟೀಚರ ಮನೆಯ ಗೇಟಿನ ಎದುರು. ಆ ಕಾರು ಕೆಮ್ಮಿತೆಂದರೆ ಸಜ್ಜೆ ಗಂಜಿ ಇಳಿಸುವ ಹೊತ್ತು, ರೇಡಿಯೋ ನಿಂತಿತೆಂದರೆ ಅಲಸಂದೆ ವಡೆ ಎಣ್ಣೆಗೆ ಬಿಡುವ ಹೊತ್ತು. ಗಡಿಯಾರವೇ ಬೇಕಿರಲಿಲ್ಲ.

ನಮ್ಮೂರಲ್ಲಿ ಬ್ಯಾಟರಿ ಚಾರ್ಜು ಮಾಡುವವನು ಸೈದು. ಉತ್ತರದ ಕಡೆಯವನು, ಮಸೀದಿ ಕೇರಿಯಲ್ಲಿ ಅವನ ಅಂಗಡಿ. ಬೆಳಗಿನ ಪ್ರಾರ್ಥನೆ ಮುಗಿಸಿ ಗಂಜಿಗೆ ಇಲ್ಲಿಗೇ ಬರುತ್ತಿದ್ದ. ಮೂರು ತಿಂಗಳು ದಿನಾ ಆ ಸದ್ದು ಕೇಳಿ ಕೇಳಿ, ಒಂದು ದಿನ ಅಡೊಮಾಕೊ ರಸ್ತೆ ದಾಟಿ ಬಂದು ಕೂತಾಗ ತಡೆಯಲಾರದೆ ಮಾತು ತೆಗೆದ.

"ಮಾಸ್ಟರ್, ಗಾಡಿ ಎಬ್ಬಿಸೋದಕ್ಕೆ ಬ್ಯಾಟರಿ ಒಂದು ಬಟ್ಟಲು ಗಂಜಿ ಖರ್ಚು ಮಾಡುತ್ತೆ. ನೀನು ಐದು ನಿಮಿಷ ಉರಿಸಿ ಅದಕ್ಕೆ ವಾಪಸ್ ಹಾಕೋದು ಒಂದು ಚಮಚ. ಆ ಚಮಚಾನೂ ನಿನ್ನ ರೇಡಿಯೋ ನೆಕ್ಕಿಬಿಡುತ್ತೆ. ದಿನಾ ಎಬ್ಬಿಸಿ ಎಬ್ಬಿಸೀನೇ ಅದನ್ನ ಸಾಯಿಸ್ತಾ ಇದ್ದೀಯಲ್ಲಪ್ಪ."

"ಮತ್ತೇನು, ಎಬ್ಬಿಸದೆ ಬಿಟ್ಟರೆ ಬದುಕುತ್ತಾ?"

"ವಾರಕ್ಕೊಂದು ಸಲ ಅರ್ಧ ಗಂಟೆ ರಸ್ತೇಲಿ ಓಡಿಸು. ಅದಾಗಲ್ಲ ಅಂದ್ರೆ ಬ್ಯಾಟರಿಯ ಕಪ್ಪು ತಂತಿ ಬಿಚ್ಚಿ ಪಕ್ಕಕ್ಕಿಡು. ನಿದ್ದೆ ಮಾಡ್ಲಿ. ಎಬ್ಬಿಸೋ ದಿನ ತಂತಿ ಹಾಕು, ಅದಕ್ಕೆ ಮುಂಚೆ ಒಂದು ಸಲ ನಾನು ಬಂದು ಚಾರ್ಜು ತುಂಬಿಸಿಕೊಡ್ತೀನಿ. ಒಂದು ಸ್ಪ್ಯಾನರ್ ಸಾಕು."

ಅಡೊಮಾಕೊ ಬಟ್ಟಲು ಕೆಳಗಿಟ್ಟು ನಕ್ಕ. "ಬಾಬಾ, ನಾನು ಲಾರಿ ಓಡಿಸೋವಾಗ ನೀನು ಕತ್ತೆ ಮೇಲೆ ಈರುಳ್ಳಿ ಹೇರ್ತಿದ್ದೆ. ಊರಿನ ಬ್ಯಾಟರಿ ಎಲ್ಲಾ ನಿನ್ನ ಅಂಗಡಿಗೇ ಬರಬೇಕು ಅಂತ ನಿಂಗಾಸೆ, ನಂಗೊತ್ತು."

ಸೈದು ಇನ್ನೊಂದು ವಡೆ ಕೇಳಿದ. ಅವನು ಹೋದ ಮೇಲೆ ಅಡೊಮಾಕೊ ನನ್ನ ಹತ್ತಿರ ಬೇರೆಯೇ ಕಾರಣ ಹೇಳಿದ. ಒಂದು ಮೊಳೆಯನ್ನೂ ಸಡಿಲಿಸಬಾರದು ಎಂದು ಮದ್ಯ ಎರೆದು ಹೇಳಿದ ಮೇಲೆ ತಂತಿ ಬಿಚ್ಚುವುದು ಹೇಗೆ? ಕೊನಾಡು ಆ ಕಡೆಯಿಂದ ನೋಡಿದರೆ, ಸತ್ತವನ ಕಾರಿನ ಕರುಳು ಕಿತ್ತ ಎಂದು ಊರು ತುಂಬಾ ಹೇಳುತ್ತಾಳೆ. ಅಲ್ಲದೆ ಬೆಳಿಗ್ಗೆ ಆ ದನಿ ಕೇಳಿಸದಿದ್ದರೆ ಸೆರ್ವಾ ಚಹಾ ಕುಡಿಯುವುದಿಲ್ಲ. ಮೂರು ಕಾರಣಗಳು. ಮೂರೂ ಒಳ್ಳೆಯವೇ ಎಂದು ನನಗೂ ಅನಿಸಿತು. ಹೋಗಿ ನಾನಾನನ್ನು ಒಂದು ಮಾತು ಕೇಳಿ ಬಿಚ್ಚು ಎಂದು ನಾನೂ ಹೇಳಲಿಲ್ಲ.

ತಿಂಗಳುಗಳು ಕಳೆದವು. ಗುಡ್ಡದ ಮೇಲೆ ಒಣಗಾಳಿಯ ದಿನಗಳು ಬಂದವು, ಬೆಳಿಗ್ಗೆ ಮಂಜಿನ ಹಾಗೆ ಧೂಳು. ಕಾರಿನ ಸದ್ದು ಬದಲಾಗುತ್ತಿತ್ತು. ಮೊದಲು ಒಂದೇ ಉಸಿರಿಗೆ ಏಳುತ್ತಿದ್ದದ್ದು ಈಗ ನರಳಿ, ನಿಂತು, ಮತ್ತೆ ನರಳಿ ಏಳುತ್ತಿತ್ತು. ನಿನ್ನ ಕಾರು ಗಂಜಿ ಕುಡಿದಿಲ್ಲವಾ ಎಂದು ನಾನೇ ಅವನನ್ನು ಕಾಡಿದೆ. ಚಳಿಗೆ ಹಾಗೆ ಅಂದ. ಆದರೆ ಅವನ ಕಿವಿಗೆ ಅದು ಏನೆಂದು ಗೊತ್ತಿತ್ತು. ನಲವತ್ತು ವರ್ಷ ಎಂಜಿನ್ನಿನ ಜೊತೆ ಬಾಳಿದವನಿಗೆ ಗೊತ್ತಿರುವುದಿಲ್ಲವೇ. ಸೈದುವಿನ ಅಂಗಡಿಯ ಮುಂದೆ ಎರಡು ಸಲ ಹೋಗಿ ತಿರುಗಿ ಬಂದನಂತೆ. ಈರುಳ್ಳಿ, ಕತ್ತೆ ಅಂದ ಬಾಯಲ್ಲಿ ಈಗ ಸಹಾಯ ಕೇಳಬೇಕಲ್ಲ. ಇನ್ನು ಎರಡೇ ವಾರ, ಎಳೆದುಕೊಂಡು ಹೋದೀತು ಎಂದು ಬಿಟ್ಟ.

ವರ್ಷದ ದಿನ ಭಾನುವಾರ ಬಂತು. ಅಂಗಳದಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿಗಳು, ಎಲ್ಲೆಲ್ಲೂ ಬಿಳಿ ಬಟ್ಟೆಯ ಜನ. ಅಡೊಮಾಕೊ ಬೆಳಕು ಹರಿಯುವ ಮೊದಲೇ ಬಂದು ಕಾರು ತೊಳೆದ. ನಾಲ್ಕೂ ಬಾಗಿಲು ತೆಗೆದಿಟ್ಟು ಒಳಗೆಲ್ಲ ಒರೆಸಿದ. ಬಿಳಿ ಪಟ್ಟಿ ಕಟ್ಟಿದ. ರೇಡಿಯೋದಲ್ಲಿ ಚರ್ಚಿನ ಹಾಡು ಹಾಕಿ ದನಿ ಏರಿಸಿದ. ಬಂದ ನೆಂಟರೆಲ್ಲ ಹೇಗಿದೆ ಟೀಚರ ಕಾರು ಎಂದು ಕೇಳುವವರೇ. ಹಾಗೆ ಕೇಳಿದವರಿಗೆಂದು ಮೂರು ಸಲ ಎಬ್ಬಿಸಿ ತೋರಿಸಿ ಮೂರು ಸಲ ಆರಿಸಿದ. ಮೂರು ಸಲವೂ ಎದ್ದಿತು. ಎಲ್ಲರೂ ನೋಡಿದರು. ಅದೇ ಕೊನೆಗೆ ಮುಳುವಾಯಿತು.

ಒಂಬತ್ತಕ್ಕೆ ಸೆರ್ವಾ ಹೊರಬಂದಳು. ತಲೆಯಿಂದ ಕಾಲಿನ ತನಕ ಬಿಳಿ. ವರ್ಷದಲ್ಲಿ ಅಷ್ಟು ಸಣ್ಣಗಾಗಿದ್ದಳೆಂದು ಬಿಳಿ ಉಟ್ಟಾಗಲೇ ಗೊತ್ತಾದದ್ದು. ತಾನು ಯಾವಾಗಲೂ ಕೂರುವ ಹಿಂದಿನ ಸೀಟಿನಲ್ಲಿ ಕೂತಳು. ಅಡೊಮಾಕೊ ಕಾರಿಗೆ ಒಂದು ಸುತ್ತು ಬಂದು, ಒಳಗೆ ಕೂತು, ಕೀಲಿ ತಿರುಗಿಸಿದ.

ಟಕ್.

ಇನ್ನೊಮ್ಮೆ ತಿರುಗಿಸಿದ. ಟಕ್.

ನಾನು ಗೇಟಿನ ಹತ್ತಿರ ಸೌಟು ಹಿಡಿದೇ ನಿಂತಿದ್ದೆ. ವಾದ್ಯದವರು ಕೈ ನಿಲ್ಲಿಸಿದರು. ಆಗ ಕೊನಾಡು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮುಂದೆ ಬಂದಳು. ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು, ಜನ ಬೈದು ಕೂರಿಸುತ್ತಿದ್ದರು.

"ಬೆಳಿಗ್ಗೆಯಿಂದ ಮೂರು ಸಲ ಎದ್ದ ಗಾಡಿ," ಎಂದಳು. "ಇವಳು ಕೂತ ಕೂಡಲೇ ಸುಮ್ಮನಾಯ್ತು. ನನ್ನಣ್ಣ ಇವಳನ್ನ ಬಿಡ್ತಾ ಇಲ್ಲ. ಯಾಕೆ ಅಂತ ಕೇಳಿ."

ನಮ್ಮಜ್ಜಿಯರ ಕಾಲದಲ್ಲಿ ಶವಪೆಟ್ಟಿಗೆ ಹೊತ್ತವರನ್ನು ನಿಲ್ಲಿಸಿ ಸತ್ತವನನ್ನು ಪ್ರಶ್ನೆ ಕೇಳುತ್ತಿದ್ದರು. ಪೆಟ್ಟಿಗೆ ಮುಂದೆ ಹೋದರೆ ಒಂದು ಉತ್ತರ, ನಿಂತರೆ ಇನ್ನೊಂದು. ಅದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಬಿಟ್ಟದ್ದು ಕೈ ಮಾತ್ರ. ಮನಸ್ಸು ಬಿಟ್ಟಿರಲಿಲ್ಲ. ಕಾರನ್ನು ನಾಲ್ಕು ಜನ ತಳ್ಳಿದ್ದರೆ ಸಾಕಿತ್ತು, ಗೇಟಿನ ಇಳಿಜಾರಿನಲ್ಲಿ ತಾನೇ ಏಳುತ್ತಿತ್ತು. ಕೊನಾಡು ಆಡಿದ ಆ ಮಾತಿನ ಮೇಲೆ ಒಬ್ಬನೂ ಆ ಕಾರಿಗೆ ಕೈ ಹಚ್ಚಲಿಲ್ಲ.

ನಾನಾ ಅಂಪೊಫೊಗೆ ಬೇರೆ ದಾರಿ ಕಾಣಲಿಲ್ಲವೋ ಏನೋ, ಬಾಟಲಿ ತರಿಸಿದ. ಕಾರಿನ ಮೂಗಿನ ಮುಂದೆ ಮದ್ಯ ಎರೆದು ಟೀಚರ ಹೆಸರು ಹಿಡಿದು ಕೇಳಿದ, ವರ್ಷದ ಕೆಲಸದಲ್ಲಿ ಮನೆತನದಿಂದ ಏನಾದರೂ ಲೋಪವಾಯಿತೇ ಎಂದು. ಕೈಯಿಂದ ಸನ್ನೆ ಮಾಡಿದ. ಅಡೊಮಾಕೊ ಕೀಲಿ ತಿರುಗಿಸಿದ. ಈ ಮಾತುಕತೆಯಲ್ಲಿ ಹತ್ತು ನಿಮಿಷ ಕಳೆದಿತ್ತಲ್ಲ, ಬ್ಯಾಟರಿಗೆ ಸ್ವಲ್ಪ ದಮ್ಮು ಬಂದಿತ್ತು. ಎಂಜಿನ್ ಅರ್ಧ ಸುತ್ತು ನರಳಿತು. ಜನ ಹಿಂದೆ ಸರಿದರು. ಲೋಪವಿಲ್ಲ ಅಂದ ಎಂದು ಯಾರೋ ಪಿಸುಗುಟ್ಟಿದರು.

ಆಮೇಲೆ ನಾನಾ ಎರಡನೆಯದು ಕೇಳಿದ. "ಸೆರ್ವಾಳಿಂದ ಏನಾದರೂ ನೋವಾಯ್ತಾ, ತಮ್ಮ?"

ಅಡೊಮಾಕೊ ಕೀಲಿ ತಿರುಗಿಸಿದ.

ಟಕ್.

ಆ ಹೊತ್ತಿನಲ್ಲಿ ಅವನ ಮುಖವನ್ನು ನಾನು ಗಾಜಿನ ಆಚೆಯಿಂದ ನೋಡಿದೆ. ಅವನಿಗೆ ಎಲ್ಲ ಗೊತ್ತಿತ್ತು. ಬಾಗಿಲು ತೆಗೆದು, ಇದು ಟೀಚರದಲ್ಲ, ಬ್ಯಾಟರಿಯದು, ತಪ್ಪು ನನ್ನದು ಎಂದರೆ ಸಾಕು. ಒಂದು ಉಸಿರಿನ ಮಾತು. ಆದರೆ ಅಂಗಳದ ತುಂಬ ಅವನ ಕೈಯಲ್ಲಿ ಗಾಡಿ ನಿಲ್ಲುವುದಿಲ್ಲ ಎಂದು ನಂಬಿದ ಜನ. ಅವನು ಸ್ಟಿಯರಿಂಗನ್ನು ನೋಡುತ್ತ ಕೂತ. ಮೊದಲು ಇಳಿದವಳು ಸೆರ್ವಾ. ತಾನೇ ಬಾಗಿಲು ತೆಗೆದುಕೊಂಡು ಇಳಿದು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ಮತ್ತೆ ಕಪ್ಪು ಉಟ್ಟು ಬಂದಳು. ಮಧ್ಯಾಹ್ನದ ಹೊತ್ತಿಗೆ ಒಂದು ಗಂಟಿನೊಂದಿಗೆ ಬಾಡಿಗೆ ವ್ಯಾನು ಹತ್ತಿ ತವರೂರು ಬೆಗೊರೊಗೆ ಹೊರಟುಹೋದಳು. ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ.

ಸೋಮವಾರ ಅಡೊಮಾಕೊ ಬ್ಯಾಟರಿ ಬಿಚ್ಚಿ ತಲೆಯ ಮೇಲೆ ಹೊತ್ತುಕೊಂಡು ಸೈದುವಿನ ಅಂಗಡಿಗೆ ಹೋದ. ಈಗ ಯಾವ ಕಟ್ಟೂ ಇರಲಿಲ್ಲ, ವರ್ಷ ತುಂಬಿತ್ತಲ್ಲ. ಸೈದು ಅದನ್ನು ಇಳಿಸಿಕೊಂಡ. ಎರಡು ದಿನ ಚಾರ್ಜಿಗಿಟ್ಟು ಕೊಟ್ಟ. ಬುಧವಾರ ಬೆಳಿಗ್ಗೆ ಕಾರಿಗೆ ಹಾಕಿ ಕೀಲಿ ಮುಟ್ಟಿದ್ದೇ ತಡ, ಹೊಸದರ ಹಾಗೆ ಎದ್ದಿತು. ಊರಿಗೆಲ್ಲ ಕೇಳುವಷ್ಟು ಜೋರಾಗಿ ಉರಿಸಿದ, ಕಾರಿನಲ್ಲಿ ದೋಷವಿಲ್ಲ, ಟೀಚರಿಗೆ ಸಿಟ್ಟಿಲ್ಲ ಎಂದು ಎಲ್ಲರಿಗೂ ತಿಳಿಯಲಿ ಎಂದುಕೊಂಡು.

ತಿಳಿದದ್ದು ಬೇರೆ. ನನ್ನ ಬೆಂಚಿನ ಮೇಲೆ ಕೂತವರೇ ಅಂದರು, "ನೋಡಿದ್ರಾ, ಅವಳು ಹೋದಳು, ಕಾರು ಎದ್ದಿತು."

ಅದನ್ನು ಕೇಳಿದ ಮೇಲೆ ಅವನಿಗೆ ನಿಲ್ಲಲಾಗಲಿಲ್ಲ. ನಾನಾನ ಮನೆಗೆ ಹೋಗಿ ಇದ್ದದ್ದೆಲ್ಲ ಹೇಳಿದ, ಸೈದು ಎಚ್ಚರಿಸಿದ್ದು, ತಾನು ನಕ್ಕಿದ್ದು, ಕೀಲಿ ಹಿಡಿದು ಸುಮ್ಮನೆ ಕೂತದ್ದು. ನಾನಾ ಕೊನೆಯ ತನಕ ಕೇಳಿದ. "ಭಾನುವಾರ ಹೇಳಿದ್ದರೆ ಅದು ಸತ್ಯ ಆಗ್ತಿತ್ತು," ಎಂದ. "ಇವತ್ತು ಹೇಳಿದ್ರೆ, ಸೆರ್ವಾ ನಿನಗೇನು ಕೊಟ್ಟಳು ಅಂತ ಕೇಳ್ತಾರೆ."

ಆದ್ದರಿಂದ ಅವನು ಬೆಗೊರೊಗೆ ಹೋದ. ಹೋದದ್ದು ವ್ಯಾನಿನಲ್ಲಿ, ದುಡ್ಡು ಕೊಟ್ಟ ಪ್ರಯಾಣಿಕನಾಗಿ, ಹಿಂದಿನ ಸೀಟಿನಲ್ಲಿ. ಸೆರ್ವಾ ಅವನಿಗೆ ನೀರು ಕೊಟ್ಟು, ಊರಿನ ಸುದ್ದಿ ಕೇಳಿ, ಫುಫು ಮುದ್ದೆ ಕುಟ್ಟಿ ಸಾರಿನೊಂದಿಗೆ ಮುಂದಿಟ್ಟಳು. ಅವನು ತುತ್ತು ಮುಟ್ಟದೆ ತಪ್ಪು ಒಪ್ಪಿಕೊಂಡ. ಅವಳು ಆಶ್ಚರ್ಯಪಡಲಿಲ್ಲ.

"ಇಪ್ಪತ್ತಾರು ವರ್ಷ ಆ ಹಿಂದಿನ ಸೀಟಲ್ಲಿ ಕೂತೋಳು ನಾನು, ಮಾಸ್ಟರ್," ಎಂದಳು. "ಅದು ಬ್ಯಾಟರಿ ಅಂತ ನಂಗೂ ಗೊತ್ತಾಯ್ತು. ನಾನು ಹೇಳಿದ್ರೆ ಯಾರು ಕೇಳ್ತಿದ್ರು? ನೀನು ಹೇಳ್ತೀಯ ಅಂತ ಕಾದೆ. ನಿನ್ನ ಕತ್ತಿನ ಹಿಂಭಾಗಾನೇ ನೋಡ್ತಾ ಕಾದೆ." ಬಟ್ಟಲನ್ನು ಅವನ ಮುಂದೆ ಸರಿಸಿ, "ಊಟ ಮಾಡು, ಆರಿಹೋಗುತ್ತೆ," ಎಂದಳು.

ಅವನು ತಿಂದನಂತೆ. ಆ ರುಚಿ ಏನೆಂದು ಇವತ್ತಿಗೂ ಹೇಳಲು ಬರುವುದಿಲ್ಲ ಎನ್ನುತ್ತಾನೆ.

ಊರಿಗೆ ಬಂದವನು ಒಂದು ಕೆಲಸ ಮಾಡಿದ. ಆ ಬ್ಯಾಟರಿಯನ್ನು ಬೇಕೆಂದೇ ಮೊದಲಿನ ಹಾಗೆಯೇ ನಡೆಸಿದ. ದಿನಾ ಐದು ನಿಮಿಷ ಎಂಜಿನ್, ಆಮೇಲೆ ರೇಡಿಯೋ, ಎಲ್ಲ ಜನರೆದುರು. ಏಳನೆಯ ವಾರ ಮತ್ತೆ ಟಕ್ ಅಂದಿತು. ನಾನಾನನ್ನೂ ಮನೆತನದವರನ್ನೂ ಕರೆಸಿ ನಿಲ್ಲಿಸಿ ಕೇಳಿದ, ಸೆರ್ವಾ ಬೆಗೊರೊದಲ್ಲಿದ್ದಾಳೆ, ಈಗ ಯಾರ ಮೇಲೆ ಸಿಟ್ಟು ಎಂದು. ಅಣ್ಣ ಈಗ ಅವಳು ಬೇಕೆಂದು ಹಟ ಹಿಡಿದಿದ್ದಾನೆ ಎಂದಳು ಕೊನಾಡು. ನಾಲ್ಕು ಜನ ನಕ್ಕರು. ಸೈದು ಮುಂದೆ ಬಂದು ಹಳೆಯ ಬ್ಯಾಟರಿ ತೆಗೆದು ತನ್ನದೊಂದನ್ನು ಹಾಕಿದ. ಕಾರು ಎದ್ದಿತು. ಆಗ ಯಾರೂ ನಗಲಿಲ್ಲ. ಕೊನಾಡು ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು.

ನಾನಾ ಇಬ್ಬರು ಹಿರಿಯರ ಕೈಯಲ್ಲಿ ಮದ್ಯ ಮತ್ತು ಬಿಳಿ ಬಟ್ಟೆ ಕೊಟ್ಟು ಬೆಗೊರೊಗೆ ಕಳಿಸಿದ. ಮನೆತನದ ಪರವಾಗಿ ತಪ್ಪು ಕೇಳಿದರು. ಸೆರ್ವಾ ಬಟ್ಟೆ ತೆಗೆದುಕೊಂಡಳು, ಮನಸ್ಸಿನಲ್ಲಿ ಏನೂ ಇಲ್ಲ ಎಂದಳು, ಬುಟ್ಟಿ ತುಂಬ ಬ್ರೆಡ್ಡು ಕಟ್ಟಿ ಕಳಿಸಿದಳು. ಬರಲಿಲ್ಲ. ಅಷ್ಟರಲ್ಲಿ ಅಲ್ಲೇ ಹೊಸ ಒಲೆ ಹಾಕಿಕೊಂಡಿದ್ದಳು. ಕಾರು ತನಗೆ ಬೇಡ, ಯಾರಾದರೂ ಓಡಿಸಲಿ, ನಿಲ್ಲಿಸಿ ಇಡಬೇಡಿ ಎಂದು ಮಾತ್ರ ಹೇಳಿಕಳಿಸಿದಳು. ಟೀಚರ ಸೋದರಳಿಯ ಅದನ್ನು ನ್ಕವ್‌ಕವ್‌ಗೆ ತೆಗೆದುಕೊಂಡು ಹೋದ. ಅವನು ಕರೆದರೂ ಅಡೊಮಾಕೊ ಡ್ರೈವರಾಗಿ ಹೋಗಲಿಲ್ಲ.

ನಮ್ಮ ಗುಡ್ಡದ ಮೇಲೆ ಈಸ್ಟರಿಗೆ ಮಾತ್ರ ಹೊರಬರುವ ಕಾರುಗಳು ಎಷ್ಟಿಲ್ಲ? ಅಡೊಮಾಕೊ ಈಗ ಆ ಗೇಟುಗಳನ್ನು ಒಂದೊಂದಾಗಿ ತಟ್ಟುತ್ತಾನೆ. ಕೇಳಿದವರಿಗೆ, ಕೇಳದವರಿಗೂ, ಕಪ್ಪು ತಂತಿ ಬಿಚ್ಚಿ ಪಕ್ಕಕ್ಕಿಟ್ಟು, ಅದು ಮತ್ತೆ ತಾಗದ ಹಾಗೆ ಚಿಂದಿ ಸುತ್ತಿ ಕೊಡುತ್ತಾನೆ. ಓಡಿಸದೆ ನಿಲ್ಲಿಸಿಟ್ಟ ಗಾಡಿಯನ್ನು ಸುಮ್ಮಸುಮ್ಮನೆ ಎಬ್ಬಿಸಬೇಡಿ ಎಂದು ಬೈಯುತ್ತಾನೆ. ಆ ಸ್ಪ್ಯಾನರ್ ಅದಕ್ಕೇ. ಸೈದುವಿನ ಬಳಿ ಕೊಂಡದ್ದು, ಸೈದು ಬೇಡವೆಂದರೂ ದುಡ್ಡು ಕೊಟ್ಟು.

ಬೆಳಿಗ್ಗೆ ಈ ಬೆಂಚಿನ ಮೇಲೆ ಕೂತು ಒಮ್ಮೊಮ್ಮೆ ನನ್ನನ್ನೇ ಕೇಳುತ್ತಾನೆ, ಎರಡನೆಯ ಪ್ರಶ್ನೆ ಆದ ಮೇಲೆ, ಅವಳು ಬಾಗಿಲು ತೆಗೆಯುವ ತನಕ, ತಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು. ನೋಡಿದವಳು ನಾನು ತಾನೇ. ಒಂದು ಬಟ್ಟಲು ಗಂಜಿ ಬಡಿಸುವಷ್ಟು ಹೊತ್ತು ಎನ್ನುತ್ತೇನೆ. ಅವನು ಬಟ್ಟಲು ಮುಂದೆ ಹಿಡಿಯುತ್ತಾನೆ. ನಾನು ಬಡಿಸುತ್ತೇನೆ. ಸೌಟು ಮೇಲೆದ್ದು ಬಟ್ಟಲು ತುಂಬುವ ತನಕ ಅವನು ಅದನ್ನೇ ನೋಡುತ್ತಿರುತ್ತಾನೆ.

"ಅಷ್ಟು ಹೊತ್ತು ಇತ್ತಲ್ಲ," ಎನ್ನುತ್ತಾನೆ.